ಸೌಂದರ್ಯ ಶಸ್ತ್ರಚಿಕಿತ್ಸೆಗೆ ತೆರಿಗೆ: ಗೆರೆ ಎಳೆಯುವವರು ಯಾರು?

2009ರ ನವೆಂಬರಿನಲ್ಲಿ ಅಮೆರಿಕದ ಸೆನೆಟ್ ಮುಂದೆ ಬಂದ ಆರೋಗ್ಯ ಸುಧಾರಣಾ ಮಸೂದೆ ಎರಡು ಸಾವಿರಕ್ಕೂ ಹೆಚ್ಚು ಪುಟಗಳದ್ದಾಗಿತ್ತು. ಅದರೊಳಗಿನ ಒಂದು ಸಣ್ಣ ಕಲಮು, ವೈದ್ಯಕೀಯ ಕಾರಣವಿಲ್ಲದೆ ರೂಪಕ್ಕಾಗಿ ಮಾತ್ರ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗಳ ಮೇಲೆ ಶೇ 5ರಷ್ಟು ವಿಶೇಷ ತೆರಿಗೆ ವಿಧಿಸಬೇಕೆಂದು ಹೇಳುತ್ತಿತ್ತು. ಇದರಿಂದ ಹತ್ತು ವರ್ಷಗಳಲ್ಲಿ ಸುಮಾರು 580 ಕೋಟಿ ಡಾಲರ್ ಬರುತ್ತದೆಂಬುದು ಆಗಿನ ಅಂದಾಜು. ವಿಮೆಯಿಲ್ಲದ ಕೋಟ್ಯಂತರ ಜನರಿಗೆ ವಿಮೆ ಒದಗಿಸುವ ಖರ್ಚಿಗೆ ಆ ಹಣ ಸೇರಬೇಕಿತ್ತು. ಸುಕ್ಕು ಕಾಣದಂತೆ ಮಾಡುವ ಚುಚ್ಚುಮದ್ದಾದ ಬೊಟಾಕ್ಸ್‌ನ ಹೆಸರಿನೊಂದಿಗೆ ತೆರಿಗೆಯ ಇಂಗ್ಲಿಷ್ ಪದವನ್ನು ಬೆಸೆದು ಪತ್ರಿಕೆಗಳು ಅದನ್ನು ‘ಬೋ-ಟ್ಯಾಕ್ಸ್’ ಎಂದು ಕರೆದವು. ಪ್ಲಾಸ್ಟಿಕ್ ಸರ್ಜನ್ನರು, ಚರ್ಮವೈದ್ಯರು, ಕೊನೆಗೆ ಅಲ್ಲಿನ ಪ್ರಮುಖ ಮಹಿಳಾ ಸಂಘಟನೆಯೂ ವಿರೋಧಿಸಿದ ಮೇಲೆ, ಡಿಸೆಂಬರ್ ಮುಗಿಯುವುದರೊಳಗೆ ಆ ಕಲಮು ಮಸೂದೆಯಿಂದ ಹೊರಬಿತ್ತು. ಅದರ ಜಾಗಕ್ಕೆ, ಅತಿನೇರಳೆ ದೀಪಗಳ ಕೆಳಗೆ ಮಲಗಿ ಮೈಬಣ್ಣವನ್ನು ಕಂದಾಗಿಸಿಕೊಳ್ಳುವ ಟ್ಯಾನಿಂಗ್ ಸೇವೆಗಳ ಮೇಲೆ ಶೇ 10ರ ತೆರಿಗೆ ಬಂದು, 2010ರ ಜುಲೈ 1ರಿಂದ ಜಾರಿಯಾಯಿತು.

ಈ ಅದಲುಬದಲನ್ನು ಪ್ರಭಾವಿ ವೈದ್ಯರ ಲಾಬಿ ಗೆದ್ದ ಕಥೆಯೆಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಎರಡು ತೆರಿಗೆಗಳ ಆಧಾರ ಒಂದೇ ಆಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅದೇ 2009ರ ಜುಲೈಯಲ್ಲಿ ಟ್ಯಾನಿಂಗ್ ಸಾಧನಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಗುಂಪಿಗೆ, ಎಂದರೆ ತಂಬಾಕು ಇರುವ ಗುಂಪಿಗೆ ಸೇರಿಸಿತ್ತು. ಆ ಬಳಕೆಯನ್ನು ತಗ್ಗಿಸುವುದರಲ್ಲಿ ಸಮಾಜಕ್ಕೆ ಹಿತವಿದೆಯೆಂದು ಸರ್ಕಾರ ಧೈರ್ಯವಾಗಿ ಹೇಳಬಹುದಾಗಿತ್ತು. ಮೂಗು ತಿದ್ದಿಸಿಕೊಂಡವರ ವಿಷಯದಲ್ಲಿ ಅಂಥ ಮಾತು ಹೇಳಲು ಅದರ ಬಳಿ ಏನೂ ಇರಲಿಲ್ಲ. ಇವರಲ್ಲಿ ಹಣವಿದೆ, ಇವರ ಪರವಾಗಿ ಹೆಚ್ಚು ಜನ ಕಣ್ಣೀರಿಡುವುದಿಲ್ಲ ಎಂಬಷ್ಟೇ ಅದರ ತರ್ಕವಾಗಿತ್ತು. ತೆರಿಗೆಗೆ ಅದು ಸಾಲದ ಕಾರಣ.

ಈ ಚರ್ಚೆ ಎಲ್ಲಿ ನಡೆದರೂ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಕಲೆತುಹೋಗುತ್ತವೆ, ಅವನ್ನು ಬಿಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಒಂದು, ಎಲ್ಲ ಸರಕು ಮತ್ತು ಸೇವೆಗಳ ಮೇಲೆ ಇರುವ ಸಾಮಾನ್ಯ ತೆರಿಗೆಯಿಂದ ವೈದ್ಯಕೀಯ ಸೇವೆಗೆ ಕೊಟ್ಟಿರುವ ವಿನಾಯಿತಿಯನ್ನು ಸೌಂದರ್ಯ ಶಸ್ತ್ರಚಿಕಿತ್ಸೆಗೆ ಅನ್ವಯಿಸದಿರುವುದು. ಇನ್ನೊಂದು, ಬೇರೆ ಯಾವುದಕ್ಕೂ ಇಲ್ಲದ ಪ್ರತ್ಯೇಕ ತೆರಿಗೆಯೊಂದನ್ನು ಈ ಶಸ್ತ್ರಚಿಕಿತ್ಸೆಗೆಂದೇ ಹುಟ್ಟುಹಾಕುವುದು. ಆಸ್ಟ್ರೇಲಿಯಾ 2000ದಲ್ಲಿ ಜಿಎಸ್‌ಟಿ ತಂದಾಗಿನಿಂದಲೂ, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಹಣ ಕೊಡದ ಸೌಂದರ್ಯ ಚಿಕಿತ್ಸೆಗಳಿಗೆ ಎಲ್ಲದರಂತೆಯೇ ಶೇ 10 ತೆರಿಗೆ ಹಾಕುತ್ತಿದೆ. ಕೆನಡಾ 2010ರ ಮಾರ್ಚಿನಲ್ಲಿ, ಫ್ರಾನ್ಸ್ 2012ರ ಅಕ್ಟೋಬರಿನಲ್ಲಿ, ಬೆಲ್ಜಿಯಂ 2016ರ ಜನವರಿಯಲ್ಲಿ ಇದೇ ದಾರಿ ಹಿಡಿದವು. ಭಾರತದಲ್ಲಿ 2009ರ ಸೆಪ್ಟೆಂಬರಿನಿಂದ ಸೇವಾ ತೆರಿಗೆಯಾಗಿ ಬಂದದ್ದು 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿತು. ಇವೆಲ್ಲ ಮೊದಲ ಬಗೆಯವು. ಅಮೆರಿಕದ ಆ ಶೇ 5 ಎರಡನೆಯ ಬಗೆಯದು.

ಮೊದಲ ಬಗೆಯ ತೆರಿಗೆಯನ್ನು ನಾನು ಒಪ್ಪುತ್ತೇನೆ. ಸಾಬೂನಿಗೂ ಚಪ್ಪಲಿಗೂ ತೆರಿಗೆ ಕಟ್ಟುವ ಬಡವರಿರುವ ಲೋಕದಲ್ಲಿ, ಮುಖದ ಸುಕ್ಕು ತೆಗೆಸಿಕೊಳ್ಳುವುದನ್ನು ಆಸ್ಪತ್ರೆಯ ಗೋಡೆಗಳೊಳಗೆ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ತೆರಿಗೆಯ ಹೊರಗಿಡುವುದರಲ್ಲಿ ನ್ಯಾಯವಿಲ್ಲ. ವಿನಾಯಿತಿ ಇರುವುದು ನೋವು ಅನುಭವಿಸುವವರ ಹೊರೆಯನ್ನು ಇಳಿಸುವುದಕ್ಕೆ; ಕತ್ತರಿ ಹಿಡಿದವರು ವೈದ್ಯರೆಂಬುದಕ್ಕಲ್ಲ. ಎರಡನೆಯ ಬಗೆಯದು ಹಾಗಲ್ಲ. ಒಂದು ಕ್ರಿಯೆಯನ್ನು ಮಾತ್ರ ಹೆಕ್ಕಿ ತೆಗೆದು ಅದಕ್ಕೊಂದು ವಿಶೇಷ ತೆರಿಗೆ ಹಾಕುವುದೆಂದರೆ, ಮದ್ಯ ತಂಬಾಕುಗಳ ಸಾಲಿನಲ್ಲಿ ಅದನ್ನು ನಿಲ್ಲಿಸಿ, ಅದನ್ನು ಮಾಡಿಸಿಕೊಂಡವರು ತಪ್ಪು ಮಾಡಿದ್ದಾರೆಂದು ಕಾನೂನಿನ ಬಾಯಿಂದ ಹೇಳಿಸಿದ ಹಾಗೆ. ಮನುಷ್ಯರು ತಮ್ಮ ಮೈಯ ಬಗ್ಗೆ ಪಡುವ ಸಂಕಟವನ್ನು ಹಾಗೆ ದಂಡಿಸುವ ಅಧಿಕಾರ ಯಾವ ಖಜಾನೆಗೂ ಇರಬಾರದು.

ವಿಶೇಷ ತೆರಿಗೆಯಿಂದ ಹಣವಾದರೂ ಬರುತ್ತದೆಯೇ ಎಂಬುದಕ್ಕೆ ಅಮೆರಿಕದ ನ್ಯೂ ಜೆರ್ಸಿಯ ಅನುಭವವಿದೆ. ಆ ರಾಜ್ಯ 2004ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಚಿಕಿತ್ಸೆಗಳ ಮೇಲೆ ಶೇ 6 ತೆರಿಗೆ ವಿಧಿಸಿತು. ತೆರಿಗೆಯ ಹೊಣೆ ಚಿಕಿತ್ಸೆ ಪಡೆದವರದು. ವಸೂಲು ಮಾಡಿ ಕಟ್ಟುವ ಕೆಲಸ ವೈದ್ಯರದು. ನಿರೀಕ್ಷಿಸಿದ ಹಣದ ಅರ್ಧದಷ್ಟೂ ಮೊದಲ ವರ್ಷ ಕೈಗೆ ಬರಲಿಲ್ಲ. ಒಂದು ಕಡೆ ನ್ಯೂಯಾರ್ಕ್, ಇನ್ನೊಂದು ಕಡೆ ಫಿಲಡೆಲ್ಫಿಯಾ ಇರುವಾಗ ಗಡಿ ದಾಟಿ ಹೋಗುವುದು ಯಾರಿಗೂ ಕಷ್ಟವಾಗಿರಲಿಲ್ಲ. ಮಸೂದೆಯನ್ನು ಮುನ್ನಡೆಸಿದ್ದ ಶಾಸಕರೇ ಮುಂದೆ ಅದನ್ನು ರದ್ದುಮಾಡಲು ಹೊರಟರು. ಕೊನೆಗೆ 2012ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದ ಕಾಯ್ದೆಯ ಪ್ರಕಾರ ತೆರಿಗೆ ಮೊದಲು ಶೇ 4ಕ್ಕೆ, ಬಳಿಕ ಶೇ 2ಕ್ಕೆ ಇಳಿದು, 2014ರ ಜುಲೈಯಲ್ಲಿ ಇಲ್ಲವಾಯಿತು. ಹಣದ ಲೆಕ್ಕದಲ್ಲಿ ಇಷ್ಟು ಸಾಕು; ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ ಪ್ರಶ್ನೆ.

ಯಾವ ಬಗೆಯ ತೆರಿಗೆಯೇ ಆಗಲಿ, ಮನುಷ್ಯನ ಮೈಮೇಲೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಾಗುತ್ತದೆ: ಇಲ್ಲಿಯವರೆಗೆ ಅಗತ್ಯ, ಇಲ್ಲಿಂದಾಚೆಗೆ ಬಯಕೆ. ಈ ಶಸ್ತ್ರವಿದ್ಯೆಯ ಚರಿತ್ರೆಯನ್ನು ಓದಿದರೆ, ಅಂಥ ಗೆರೆ ಆರಂಭದಿಂದಲೂ ಸ್ಪಷ್ಟವಾಗಿರಲಿಲ್ಲವೆಂದು ಗೊತ್ತಾಗುತ್ತದೆ. ಲಂಡನ್ನಿನ ಪತ್ರಿಕೆಯೊಂದು 1794ರ ಅಕ್ಟೋಬರಿನಲ್ಲಿ ಕವಾಸ್‌ಜಿ ಎಂಬ ಗಾಡಿ ಹೊಡೆಯುವವನ ವೃತ್ತಾಂತವನ್ನು ಚಿತ್ರಸಮೇತ ಪ್ರಕಟಿಸಿತು. ಇಂಗ್ಲಿಷರ ಸೈನ್ಯದ ಎತ್ತುಗಳನ್ನು ನಡೆಸುತ್ತಿದ್ದ ಅವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಸುಶ್ರುತ ಸಂಹಿತೆಯಲ್ಲೇ ವಿವರಣೆಯಿರುವ ಈ ವಿದ್ಯೆಯ ಬಗ್ಗೆ ಓದಿ, ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿದರು. ಯೂರೋಪಿನಲ್ಲಿ ಆಧುನಿಕ ಮೂಗಿನ ಶಸ್ತ್ರಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಕವಾಸ್‌ಜಿ ಮೂಗಿಲ್ಲದೆಯೂ ಉಸಿರಾಡುತ್ತಿದ್ದ, ಉಣ್ಣುತ್ತಿದ್ದ, ಬದುಕಿದ್ದ. ಅವನು ಮರಳಿ ಪಡೆಯಲು ಬಯಸಿದ್ದು ಜನರ ಮುಂದೆ ಮುಖವೆತ್ತಿ ನಿಲ್ಲುವ ಸ್ಥಿತಿಯನ್ನು. ಮೂಗು ಕತ್ತರಿಸುವುದನ್ನೇ ಶಿಕ್ಷೆಯಾಗಿ ಬಳಸಿದವರಿಗೂ ಅದರ ಬೆಲೆ ಎಲ್ಲಿದೆಯೆಂದು ಚೆನ್ನಾಗಿ ತಿಳಿದಿತ್ತು. ಅವನದು ಗಾಯವಾದ್ದರಿಂದ ಇಂದಿನ ಯಾವ ಕಾನೂನಿನಲ್ಲೂ ಅವನಿಗೆ ತೆರಿಗೆ ಬೀಳುವುದಿಲ್ಲ. ಆದರೆ ಅವನ ಅಗತ್ಯವೆಲ್ಲವೂ ರೂಪಕ್ಕೆ ಸಂಬಂಧಿಸಿದ್ದು.

ಅದರಿಂದ ನೂರು ವರ್ಷ ಮುಂದೆ ಬನ್ನಿ. ಬರ್ಲಿನ್ನಿನಲ್ಲಿ 1896ರಲ್ಲಿ ಜಾಕ್ ಜೋಸೆಫ್ ಎಂಬ ಯುವ ವೈದ್ಯ, ಹೊರಚಾಚಿದ ಕಿವಿಗಳಿಂದಾಗಿ ಸಹಪಾಠಿಗಳ ಗೇಲಿ ತಾಳಲಾರದೆ ಶಾಲೆಗೇ ಹೋಗೆನೆಂದು ಕುಳಿತಿದ್ದ ಹುಡುಗನೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕಿವಿಗಳು ಸರಿಯಾದವು. ವೈದ್ಯರ ಕೆಲಸ ಹೋಯಿತು. ರೋಗವಿಲ್ಲದ ಅಂಗವನ್ನು ರೂಪಕ್ಕಾಗಿ ಕುಯ್ಯುವುದು ವೈದ್ಯಧರ್ಮವಲ್ಲವೆಂಬುದು ಮೇಲಿನವರ ನಿಲುವಾಗಿತ್ತು. ಎರಡು ವರ್ಷಗಳ ಬಳಿಕ ಅವರೇ, ದೊಡ್ಡ ಮೂಗಿನ ನಾಚಿಕೆಯಿಂದ ಜನರ ನಡುವೆ ಓಡಾಡುವುದನ್ನೇ ಬಿಟ್ಟಿದ್ದ ಒಬ್ಬರ ಮೂಗನ್ನು ಚಿಕ್ಕದು ಮಾಡಿದರು. ಇವೆರಡರಲ್ಲೂ ಗಾಯವಿಲ್ಲ, ರೋಗವಿಲ್ಲ. ಅಂದು ಕೆಲಸದಿಂದ ತೆಗೆದವರ ಮಾತನ್ನೇ ತೆರಿಗೆ ಕಾನೂನು ಇಂದಿಗೂ ಆಡುತ್ತಿದೆ ಎನ್ನಿಸುತ್ತದೆ ನನಗೆ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ಮತ್ತೆ ಮುಖ ಕಟ್ಟಿಕೊಟ್ಟ ಹೆರಾಲ್ಡ್ ಗಿಲೀಸ್ ಕೂಡ ಯುದ್ಧ ಮುಗಿದ ಮೇಲೆ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿದರು. ಕೈಗಳು ಅವೇ, ಕಲಿತದ್ದೂ ಒಂದೇ.

ಗೆರೆ ಎಳೆಯಲು ಕಾನೂನುಗಳು ಪಟ್ಟಿಯನ್ನು ಮೊರೆಹೋಗುತ್ತವೆ. ಅಮೆರಿಕದ ಆದಾಯ ತೆರಿಗೆಯಲ್ಲಿ 1991ರಿಂದ ಸೌಂದರ್ಯ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಕಡಿತವಿಲ್ಲ. ಜನ್ಮಜಾತ ನ್ಯೂನತೆ, ಅಪಘಾತದ ಗಾಯ, ವಿರೂಪಗೊಳಿಸುವ ರೋಗ ಇವುಗಳಿಂದಾದ ವಿಕಾರವನ್ನು ಸರಿಪಡಿಸಿದರೆ ಮಾತ್ರ ಉಂಟು. ಭಾರತದ ಜಿಎಸ್‌ಟಿ ಅಧಿಸೂಚನೆ ಆರೋಗ್ಯ ಸೇವೆಯ ವಿನಾಯಿತಿಯಿಂದ ಕೂದಲು ಕಸಿಯನ್ನೂ ಸೌಂದರ್ಯ ಮತ್ತು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯನ್ನೂ ಹೊರಗಿಟ್ಟು, ಜನ್ಮಜಾತ ದೋಷ, ಬೆಳವಣಿಗೆಯ ವೈಪರೀತ್ಯ, ಗಾಯ ಅಥವಾ ಆಘಾತದಿಂದ ಕೆಟ್ಟ ದೇಹರಚನೆಯನ್ನೋ ಕಾರ್ಯವನ್ನೋ ಮತ್ತೆ ಸರಿಪಡಿಸುವುದಕ್ಕೆ ಮಾತ್ರ ವಿನಾಯಿತಿ ಉಳಿಸಿದೆ. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಸೀಳುತುಟಿ ಒಳಗಿದೆ, ಸುಟ್ಟಗಾಯ ಒಳಗಿದೆ. ರೋಗ ಇಲ್ಲ. ಸ್ತನ ಕ್ಯಾನ್ಸರಿಗಾಗಿ ಸ್ತನವನ್ನು ತೆಗೆಸಿಕೊಂಡ ಹೆಂಗಸು ಕೆಲವು ವರ್ಷಗಳ ಮೇಲೆ ಅದನ್ನು ಮತ್ತೆ ಕಟ್ಟಿಸಿಕೊಂಡರೆ, ಅದು ಜನ್ಮಜಾತವೂ ಅಲ್ಲ, ಬೆಳವಣಿಗೆಯ ವೈಪರೀತ್ಯವೂ ಅಲ್ಲ. ಅಕ್ಷರಕ್ಕೆ ಅಂಟಿಕೊಂಡು ಓದುವ ಅಧಿಕಾರಿಗೆ ಅದು ಗಾಯವೂ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯ ಮುಂದುವರಿಕೆಯೆಂದು ವಾದಿಸಬಹುದು, ಹಾಗೆಂದೇ ಓದಬೇಕು ಕೂಡ. ಆದರೆ ಅಷ್ಟು ದೊಡ್ಡ ಸಂಗತಿಯನ್ನು ವಾದಕ್ಕೆ ಬಿಟ್ಟಿರುವುದು ಸರಿಯಲ್ಲ. ಅಮೆರಿಕ 1998ರಲ್ಲಿ ಮಾಡಿದ ಕಾಯ್ದೆಯೊಂದು, ಸ್ತನಛೇದನಕ್ಕೆ ಹಣ ಕೊಡುವ ವಿಮೆಗಳು ಪುನರ್ರಚನೆಗೂ ಕೊಡಬೇಕೆಂದು ಹೇಳಿತು. ಎರಡೂ ಕಡೆ ಸಮನಾಗಿ ಕಾಣುವಂತೆ ಆರೋಗ್ಯವಾಗಿರುವ ಇನ್ನೊಂದು ಸ್ತನಕ್ಕೆ ಮಾಡುವ ಶಸ್ತ್ರಚಿಕಿತ್ಸೆಯನ್ನೂ ಅದರಲ್ಲಿ ಸೇರಿಸಿತು. ಹೋಲಿಕೆಯಾಗಿ ಕಾಣಬೇಕೆಂಬುದು ಶುದ್ಧವಾಗಿ ರೂಪದ ವಿಚಾರ. ಅದೂ ಗುಣವಾಗುವುದರ ಒಂದು ಭಾಗವೆಂದು ಒಂದು ಶಾಸನಸಭೆ ಒಪ್ಪಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪಟ್ಟಿಯ ಎರಡೂ ಬದಿಯಲ್ಲಿ ನಿಲ್ಲಬಲ್ಲವು ಇನ್ನೂ ಎಷ್ಟೋ ಇವೆ. ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದು ನೋಟಕ್ಕೆ ಅಡ್ಡಬಂದರೆ ಅದನ್ನೆತ್ತುವುದು ಚಿಕಿತ್ಸೆ. ಅಡ್ಡಬರುವುದಕ್ಕಿಂತ ಎರಡು ಮಿಲಿಮೀಟರ್ ಮೊದಲೇ ಮಾಡಿಸಿಕೊಂಡರೆ ಸೌಂದರ್ಯ. ಬಹಳ ತೂಕ ಇಳಿಸಿಕೊಂಡವರ ಹೊಟ್ಟೆಯ ಮೇಲೆ ಜೋಲುವ ಚರ್ಮದ ಮಡಿಕೆಗಳಲ್ಲಿ ಸೋಂಕು ಆಗುತ್ತಿದ್ದರೆ ತೆಗೆಸುವುದು ಅಗತ್ಯ. ಸೋಂಕಿಲ್ಲದೆ, ಬಟ್ಟೆ ಹಾಕಿಕೊಳ್ಳುವಾಗಲೆಲ್ಲ ಹಿಂದಿನ ದೇಹ ನೆನಪಾಗುತ್ತದೆಂದು ತೆಗೆಸಿದರೆ ಬಯಕೆ. ಭಾರದ ಸ್ತನಗಳಿಂದ ಬೆನ್ನು ಕುತ್ತಿಗೆ ನೋಯುವವರು, ಎದೆ ಉಬ್ಬಿದ್ದಕ್ಕೆ ಈಜುಕೊಳದ ಹತ್ತಿರವೂ ಸುಳಿಯದ ಹದಿಹರೆಯದ ಹುಡುಗರು, ಮೊಡವೆಯ ಕಲೆಗಳಿಂದ ಕನ್ನಡಿ ನೋಡುವುದನ್ನೇ ಬಿಟ್ಟವರು, ಇವರನ್ನೆಲ್ಲ ಯಾವ ಕಡೆ ನಿಲ್ಲಿಸುವುದು?

ನ್ಯಾಯಾಲಯಗಳು ಈ ಪ್ರಶ್ನೆಯೊಂದಿಗೆ ಗಂಭೀರವಾಗಿ ಹೆಣಗಿವೆ. ಅಮೆರಿಕದ ತೆರಿಗೆ ನ್ಯಾಯಾಲಯ 1994ರಲ್ಲಿ, ವೃತ್ತಿಗಾಗಿ ಅಸಾಧಾರಣ ಗಾತ್ರದ ಸ್ತನ ಕಸಿ ಮಾಡಿಸಿಕೊಂಡ ನರ್ತಕಿಯೊಬ್ಬರ ಖರ್ಚನ್ನು ವ್ಯಾಪಾರದ ಖರ್ಚೆಂದೇ ಒಪ್ಪಿತು. ಅಷ್ಟು ಭಾರವನ್ನು ಯಾರೂ ಸ್ವಂತದ ಸುಖಕ್ಕೆ ಹೊರುವುದಿಲ್ಲವೆಂಬುದು ಅದರ ಹಿಂದಿನ ವಿವೇಚನೆ. ಅದೇ ನ್ಯಾಯಾಲಯ 2010ರಲ್ಲಿ, ಲಿಂಗ ಪರಿವರ್ತನೆ ಮಾಡಿಸಿಕೊಂಡ ಮಹಿಳೆಯೊಬ್ಬರ ಪ್ರಕರಣದಲ್ಲಿ ಹಾರ್ಮೋನು ಚಿಕಿತ್ಸೆಯನ್ನೂ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಯನ್ನೂ ರೋಗಚಿಕಿತ್ಸೆಯೆಂದು ಒಪ್ಪಿ ಕಡಿತ ಕೊಟ್ಟಿತು, ಸ್ತನವರ್ಧನೆಯನ್ನು ಮಾತ್ರ ಸೌಂದರ್ಯದ ಲೆಕ್ಕಕ್ಕೆ ಹಾಕಿ ನಿರಾಕರಿಸಿತು. ಒಬ್ಬರೇ ಮನುಷ್ಯರು, ಒಂದೇ ಸಂಕಟದ ನಿವಾರಣೆಗೆಂದು ಪಡೆದ ಆರೈಕೆ, ನಡುವೆ ಗೆರೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2013ರ ಮಾರ್ಚ್ 21ರಂದು, ಸ್ವೀಡನ್ನಿನಿಂದ ಬಂದ ಪ್ರಕರಣದಲ್ಲಿ ಕೊಟ್ಟ ತೀರ್ಪು ನಾನು ಓದಿದವುಗಳಲ್ಲಿ ಹೆಚ್ಚು ಸಮಂಜಸವಾದದ್ದು. ಶಸ್ತ್ರಚಿಕಿತ್ಸೆಯ ಹೆಸರನ್ನಲ್ಲ, ಅದರ ಉದ್ದೇಶವನ್ನು ನೋಡಬೇಕು. ಆರೋಗ್ಯವನ್ನು ಕಾಪಾಡುವ ಅಥವಾ ಮರಳಿಸುವ ಉದ್ದೇಶವಿದ್ದರೆ ವಿನಾಯಿತಿಯುಂಟು. ಆ ಆರೋಗ್ಯದ ತೊಂದರೆ ಮಾನಸಿಕವೂ ಆಗಿರಬಹುದು. ಆದರೆ ಚಿಕಿತ್ಸೆ ಪಡೆಯುವವರ ಅನಿಸಿಕೆಯೊಂದೇ ಸಾಲದು, ಅರ್ಹ ವೈದ್ಯರ ನಿರ್ಣಯ ಬೇಕು ಎಂದು ಅದು ಹೇಳಿತು. ಹೀಗೆ ಹೇಳಿದ್ದರಿಂದ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ ನಿಜ, ಆದರೆ ಅದು ತೆರಿಗೆ ಕಚೇರಿಯಿಂದ ರೋಗಿಯನ್ನು ಕಣ್ಣಾರೆ ಕಂಡವರ ಕೋಣೆಗೆ ಬಂತು.

ಇನ್ನು ಈ ಹೊರೆ ಯಾರ ಮೇಲೆ ಬೀಳುತ್ತದೆಂಬುದು. ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಲ್ಲಿ ಬಹುಪಾಲು ಹೆಂಗಸರು. 2009ರಲ್ಲಿ ಅಮೆರಿಕದ ನ್ಯಾಷನಲ್ ಆರ್ಗನೈಸೇಶನ್ ಫಾರ್ ವಿಮೆನ್ ಅಧ್ಯಕ್ಷೆ ಟೆರ್ರಿ ಓನೀಲ್, ನಡುವಯಸ್ಸಿನ ಹೆಂಗಸರು ಕೆಲಸ ಹುಡುಕುವಾಗ ವಯಸ್ಸಿನ ತಾರತಮ್ಯವನ್ನು ಎದುರಿಸುತ್ತಾರೆ, ಅವರ ಮೇಲೆ ಈ ತೆರಿಗೆ ಹೇರಬಾರದು ಎಂದು ವಾದಿಸಿದಾಗ ಹಲವರಿಗೆ ಅಚ್ಚರಿಯಾಯಿತು. ಸೌಂದರ್ಯದ ಒತ್ತಡವನ್ನು ವಿರೋಧಿಸಬೇಕಾದ ಸಂಘಟನೆಯೇ ಆ ಉದ್ಯಮದ ಪರ ನಿಂತಿತೆಂದು ಟೀಕೆ ಬಂತು. ಆ ಟೀಕೆಯಲ್ಲಿ ನನಗೆ ನಂಬಿಕೆಯಿಲ್ಲ. ಹೆಂಗಸು ಐವತ್ತು ದಾಟಿದ ಮೇಲೆ ಮುಖ ನೋಡಿ ಕೆಲಸ ನಿರಾಕರಿಸುವ ಲೋಕ ತನ್ನಷ್ಟಕ್ಕೆ ಹಾಗೆಯೇ ಇರುವಾಗ, ಆ ಲೋಕದೊಳಗೆ ಬದುಕಲು ಅವಳು ಹಿಡಿದ ದಾರಿಗೆ ಮಾತ್ರ ಸುಂಕ ಹಾಕಿದರೆ ಒತ್ತಡವೇನೂ ಕಡಿಮೆಯಾಗುವುದಿಲ್ಲ, ಒತ್ತಡ ಹಾಕಿದವರು ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ಬರುವವರೆಲ್ಲ ಶ್ರೀಮಂತರಲ್ಲ, ಮಧ್ಯಮ ಆದಾಯದವರೇ ಹೆಚ್ಚೆಂದು ಸರ್ಜನ್ನರ ಸಂಘ ಹೇಳಿದ್ದನ್ನು ಅವರ ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೂ, ವರ್ಷಗಟ್ಟಲೆ ಹಣ ಕೂಡಿಟ್ಟು ಒಮ್ಮೆ ಶಸ್ತ್ರಚಿಕಿತ್ಸೆಗೆ ಬರುವವರನ್ನು ವಿಹಾರನೌಕೆ ಕೊಳ್ಳುವವರ ಸಾಲಿಗೆ ಸೇರಿಸಿ ಐಷಾರಾಮಿ ಎನ್ನುವುದು ನ್ಯಾಯವಲ್ಲ.

ತೆರಿಗೆಯ ಪರವಾಗಿರುವ ವಾದಗಳಲ್ಲಿ ನನಗೆ ಗಟ್ಟಿಯೆನಿಸುವುದು ಒಂದೇ: ತೊಡಕಾದಾಗ ಖರ್ಚು ಸಾರ್ವಜನಿಕರ ಮೇಲೆ ಬೀಳುತ್ತದೆ. ಪಿಐಪಿ ಎಂಬ ಫ್ರೆಂಚ್ ಕಂಪನಿ ವೈದ್ಯಕೀಯ ದರ್ಜೆಯದಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿ ಸ್ತನದ ಇಂಪ್ಲಾಂಟುಗಳನ್ನು ಮಾರಿದ್ದು 2010ರಲ್ಲಿ ಬಯಲಾಯಿತು. 2011ರ ಡಿಸೆಂಬರಿನಲ್ಲಿ ಫ್ರೆಂಚ್ ಸರ್ಕಾರ ಸುಮಾರು 30,000 ಹೆಂಗಸರಿಗೆ ಅವನ್ನು ತೆಗೆಸಿಕೊಳ್ಳಲು ಸೂಚಿಸಿ, ತೆಗೆಸುವ ವೆಚ್ಚವನ್ನು ಸಾರ್ವಜನಿಕ ಆರೋಗ್ಯ ವಿಮೆಯಿಂದ ಭರಿಸುವುದಾಗಿ ಹೇಳಿತು. ಹಾಗೆ ಭರಿಸಿದ್ದು ಸರಿ. ಆದರೆ ಈ ಉದಾಹರಣೆ ನಿಜವಾಗಿ ತೋರಿಸುವುದು ತಪಾಸಣೆಯ ಸೋಲನ್ನು. ಮೋಸ ಮಾಡಿದ್ದು ತಯಾರಕರು, ನೋಡದೆ ಬಿಟ್ಟದ್ದು ತಪಾಸಣೆಯ ಹೊಣೆ ಹೊತ್ತವರು. ಅದಕ್ಕೆ ತೆರಿಗೆಯನ್ನು ಇಂಪ್ಲಾಂಟ್ ಹೊತ್ತ ಮೈಗಳಿಂದ ವಸೂಲು ಮಾಡುವುದು ಹೇಗೆ ಪರಿಹಾರ? ತಯಾರಕರಿಂದ, ಕ್ಲಿನಿಕ್ಕುಗಳಿಂದ ಕಡ್ಡಾಯ ವಿಮೆ ಕಟ್ಟಿಸಿಕೊಂಡು, ತೊಡಕಾದಾಗ ಅದರಿಂದಲೇ ಖರ್ಚು ತುಂಬಿಸಿದರೆ ಸಾರ್ವಜನಿಕರ ಹಣ ಉಳಿಯುತ್ತದೆ.

ದಕ್ಷಿಣ ಕೊರಿಯಾದ ದಾರಿಯನ್ನು ನೋಡಿದರೆ ತೆರಿಗೆಯ ಉದ್ದೇಶ ಎಲ್ಲಿದೆಯೆಂದು ತಿಳಿಯುತ್ತದೆ. 2011ರ ಜುಲೈಯಲ್ಲಿ ರೆಪ್ಪೆ, ಮೂಗು, ಸ್ತನ, ಕೊಬ್ಬು ತೆಗೆಯುವುದು, ಸುಕ್ಕು ನಿವಾರಣೆ ಎಂಬ ಐದು ಬಗೆಗೆ ಶೇ 10 ವ್ಯಾಟ್ ಬಂತು, 2014ರಲ್ಲಿ ಉಳಿದವುಗಳಿಗೂ ವಿಸ್ತರಿಸಿತು, 2016ರಲ್ಲಿ ವಿದೇಶಿ ಪ್ರವಾಸಿಗಳಿಗೆ ಮಾತ್ರ ಅದನ್ನು ಹಿಂತಿರುಗಿಸುವ ವ್ಯವಸ್ಥೆಯಾಯಿತು. ಹೊರಗಿನವರಿಗೆ ತೆರಿಗೆ ಮರಳಿಸುವುದು ವ್ಯಾಟ್ ಪದ್ಧತಿಗೆ ಹೊಸದಲ್ಲ. ಆದರೆ ತೆರಿಗೆಯಿಂದ ಜನರನ್ನು ಶಸ್ತ್ರಚಿಕಿತ್ಸೆಯಿಂದ ದೂರವಿಡುತ್ತೇವೆಂಬ ಮಾತನ್ನು ಆ ಬಳಿಕ ಹೇಳುವಂತಿಲ್ಲ.

ಹಾಗಾದರೆ ಏನಾಗಬೇಕು? ಸಾಮಾನ್ಯ ತೆರಿಗೆ ಇರಲಿ, ವಿಶೇಷ ತೆರಿಗೆ ಬೇಡ ಎಂದೆ. ಇದಕ್ಕೆ ಒಂದು ಷರತ್ತನ್ನು ಸೇರಿಸಲೇಬೇಕು. ತೆರಿಗೆ ಕಾನೂನಿನಲ್ಲಿ ವಿನಾಯಿತಿಯ ಬಗ್ಗೆ ಅನುಮಾನ ಬಂದರೆ ಅದರ ಲಾಭ ಸರ್ಕಾರಕ್ಕೆ ಎಂಬ ನಿಯಮ ಹಲವು ಕಡೆ ಬಲವಾಗಿದೆ. ಭಾರತದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರಲ್ಲಿ ಹಾಗೆಂದೇ ತೀರ್ಮಾನಿಸಿತು. ಕಬ್ಬಿಣ ಸಿಮೆಂಟುಗಳ ವ್ಯಾಪಾರಕ್ಕೆ ಅದು ಹೊಂದಬಹುದು. ಮೈಗೆ ಸಂಬಂಧಿಸಿದಲ್ಲಿ ಅದು ತಿರುಗಬೇಕು. ಈ ಶಸ್ತ್ರಚಿಕಿತ್ಸೆ ಆರೋಗ್ಯಕ್ಕೆ ಬೇಕಿತ್ತೆಂದು ಚಿಕಿತ್ಸೆ ಮಾಡಿದ ವೈದ್ಯರು ಬರೆದುಕೊಟ್ಟರೆ, ಅದು ಸುಳ್ಳೆಂದು ತೋರಿಸುವ ಭಾರ ಇಲಾಖೆಯದಾಗಲಿ. ಆ ಬರಹದಲ್ಲಿ ರೋಗಿಯ ಹೆಸರಾಗಲಿ ಚಿತ್ರವಾಗಲಿ ಇರಬೇಕಾಗಿಲ್ಲ, ಕಾರಣದ ವರ್ಗವೊಂದಿದ್ದರೆ ಸಾಕು; ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಆನಂತರ ತೆಗೆದ ಫೋಟೋಗಳ ಕಡತವನ್ನು ತಿರುವಿಹಾಕುವ ಸಂದರ್ಭ ಎಂದಿಗೂ ಬರಬಾರದು. ಕೆಲವು ವೈದ್ಯರು ಸುಳ್ಳು ಕಾರಣ ಬರೆದುಕೊಡುತ್ತಾರೆಂಬುದು ನನಗೂ ಗೊತ್ತು. ಸಂಖ್ಯೆಗಳಲ್ಲೇ ಅಂಥವರು ಎದ್ದು ಕಾಣುತ್ತಾರೆ, ಅವರನ್ನು ವೈದ್ಯಕೀಯ ಪರಿಷತ್ತಿನ ಮೂಲಕ ವಿಚಾರಿಸಬಹುದು. ಅವರ ಮೋಸದಿಂದ ಖಜಾನೆಗೆ ತಪ್ಪುವ ಹಣ ಎಷ್ಟೇ ಇರಲಿ, ಕ್ಯಾನ್ಸರಿನಿಂದ ಬದುಕಿ ಬಂದ ಒಬ್ಬ ಹೆಂಗಸು ತನ್ನ ಎದೆಯ ವಿವರವನ್ನು ತೆರಿಗೆ ಕಚೇರಿಯ ಮೇಜಿನ ಮುಂದೆ ಕುಳಿತು ಸಮರ್ಥಿಸಿಕೊಳ್ಳಬೇಕಾದ ಸ್ಥಿತಿಗಿಂತ ಆ ನಷ್ಟವನ್ನೇ ನಾನು ಆರಿಸಿಕೊಳ್ಳುತ್ತೇನೆ.